ಉಪನಗರ ರೈಲು: ಟಿಕೆಟಿನಾಚೆಯ ಲೆಕ್ಕ

ನಗರದ ಸುತ್ತಲಿನ ಊರುಗಳಿಂದ ದುಡಿಯುವ ಜನರನ್ನು ಬೆಳಿಗ್ಗೆ ಕರೆತಂದು ಸಂಜೆ ಮನೆ ಮುಟ್ಟಿಸುವ ರೈಲು ವ್ಯವಸ್ಥೆಯೇ ಉಪನಗರ ರೈಲು. ಇದು ನಿತ್ಯ ಪ್ರಯಾಣಿಕರಿಗೆ ಸೇರಿದ ವಿಷಯ, ವ್ಯಾಪಾರ-ಉದ್ದಿಮೆಗಳಿಗೆ ಇದರಿಂದ ನೇರ ಸಂಬಂಧವಿಲ್ಲ ಎಂಬ ಭಾವನೆ ವರ್ತಕರಲ್ಲಿ ಸಾಮಾನ್ಯ. ವಾಸ್ತವದಲ್ಲಿ ಈ ರೈಲಿನ ವೆಚ್ಚದ ಒಂದು ಭಾಗವನ್ನಷ್ಟೇ ಪ್ರಯಾಣಿಕನು ಕೊಡುತ್ತಾನೆ. ಉಳಿದ ಭಾಗವು ಸರಕು ಸಾಗಣೆ ದರದ ಮೂಲಕ, ತೆರಿಗೆಯ ಮೂಲಕ ಮತ್ತು ನಿಲ್ದಾಣದ ಸುತ್ತಲಿನ ಜಾಗದ ಬೆಲೆಯ ಮೂಲಕ ಬೇರೆಯವರಿಂದ ಸಂದಾಯವಾಗುತ್ತದೆ. ಈ ಮೂರೂ ಕಡೆ ಹಣ ತೆರುವವನು ಬಹುಮಟ್ಟಿಗೆ ವ್ಯಾಪಾರಿ ಅಥವಾ ಸಣ್ಣ ಉದ್ಯಮಿ. ಆದ್ದರಿಂದ ತಾನು ಎಷ್ಟು ತೆರುತ್ತಿದ್ದೇನೆ, ಅದಕ್ಕೆ ಪ್ರತಿಯಾಗಿ ಏನನ್ನು ಪಡೆಯಬಹುದು ಎಂಬ ಲೆಕ್ಕ ಅವನಿಗೆ ತಿಳಿದಿರಬೇಕು. ಆ ಲೆಕ್ಕವನ್ನು ಹಂತಹಂತವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

1. ಉಪನಗರ ರೈಲಿನ ಸ್ವರೂಪ

ದೂರದ ಊರಿಗೆ ಹೋಗುವ ಎಕ್ಸ್‌ಪ್ರೆಸ್ ರೈಲು, ನಗರದೊಳಗೆ ಓಡುವ ಮೆಟ್ರೊ ಮತ್ತು ಉಪನಗರ ರೈಲು ಇವು ಮೂರು ಬೇರೆ ಬೇರೆ ಸೇವೆಗಳು. ಮೆಟ್ರೊ ರೈಲಿನಲ್ಲಿ ನಿಲ್ದಾಣಗಳು ಸುಮಾರು ಒಂದು ಕಿ.ಮೀ. ಅಂತರದಲ್ಲಿರುತ್ತವೆ. ಉಪನಗರ ರೈಲಿನಲ್ಲಿ ಅಂತರ ಹೆಚ್ಚು, ಪ್ರಯಾಣವೂ ದೀರ್ಘ. ಸಾಮಾನ್ಯವಾಗಿ ಇದು ರೈಲ್ವೆಯ ಜಮೀನಿನಲ್ಲಿ, ಇರುವ ಹಳಿಯ ಪಕ್ಕದಲ್ಲಿಯೇ ಹಾದುಹೋಗುವುದರಿಂದ ಪ್ರತಿ ಕಿ.ಮೀ.ಗೆ ತಗಲುವ ಬಂಡವಾಳ ಮೆಟ್ರೊಗಿಂತ ಕಡಿಮೆ.

ಈ ಸೇವೆಯ ಜೀವಾಳ ಎರಡು: ಸಮಯಪಾಲನೆ ಮತ್ತು ಆವರ್ತನೆ. ಹಳಿಯೊಂದನ್ನೇ ಎಕ್ಸ್‌ಪ್ರೆಸ್, ಗೂಡ್ಸ್ ಮತ್ತು ಲೋಕಲ್ ರೈಲುಗಳು ಹಂಚಿಕೊಂಡರೆ ಮೊದಲು ತಡೆದು ನಿಲ್ಲಿಸುವುದು ಲೋಕಲ್ ರೈಲನ್ನೇ. ಹೈದರಾಬಾದಿನಲ್ಲಿ 2003ರ ಆಗಸ್ಟ್‌ನಲ್ಲಿ ಆರಂಭವಾದ ಎಂಎಂಟಿಎಸ್ ಸೇವೆ ಇದಕ್ಕೆ ನಿದರ್ಶನ. ಇದ್ದ ಹಳಿಗಳ ಮೇಲೆಯೇ ಓಡಿದ್ದರಿಂದ ಅದು ಅಲ್ಪ ಬಂಡವಾಳದಲ್ಲಿ ಪ್ರಾರಂಭವಾಯಿತು, ದರವೂ ಅಗ್ಗ. ಆದರೆ ಹಳಿ ಸ್ವಂತದ್ದಲ್ಲವಾದ ಕಾರಣ ಬೇಕಾದಷ್ಟು ರೈಲುಗಳನ್ನು ಬೇಕಾದ ಹೊತ್ತಿಗೆ ಓಡಿಸುವುದು ಕಷ್ಟವಾಯಿತು. ಅಗ್ಗದ ಟಿಕೆಟ್ ಇದ್ದರೂ ರೈಲು ಬರುವ ಹೊತ್ತು ಗೊತ್ತಿಲ್ಲವಾದರೆ ಕಾರ್ಖಾನೆಯ ಕಾರ್ಮಿಕನು ಅದನ್ನು ನಂಬಿ ಮನೆಯಿಂದ ಹೊರಡುವುದಿಲ್ಲ.

2. ಮುಂಬಯಿಯ ಅನುಭವ

ಭಾರತದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿತು. ಆ 34 ಕಿ.ಮೀ. ಮಾರ್ಗವೇ ಮುಂದೆ ಮುಂಬಯಿಯ ಲೋಕಲ್ ರೈಲಿನ ಬೆನ್ನೆಲುಬಾಯಿತು. 1925ರ ಫೆಬ್ರುವರಿ 3ರಂದು ವಿಕ್ಟೋರಿಯಾ ಟರ್ಮಿನಸ್ ಮತ್ತು ಕುರ್ಲಾ ನಡುವೆ ದೇಶದ ಮೊದಲ ವಿದ್ಯುತ್ ರೈಲು ಸಂಚರಿಸಿತು. ಇಂದು ಸುಮಾರು 390 ಕಿ.ಮೀ. ಉದ್ದದ ಈ ಜಾಲವು ದಿನವೊಂದಕ್ಕೆ 70 ಲಕ್ಷಕ್ಕೂ ಹೆಚ್ಚು ಪ್ರಯಾಣಗಳನ್ನು ನಿಭಾಯಿಸುತ್ತದೆ.

ಮುಂಬಯಿ ನಗರವು ದಕ್ಷಿಣೋತ್ತರವಾಗಿ ಉದ್ದಕ್ಕೆ ಬೆಳೆದದ್ದು ಈ ಹಳಿಗಳ ಗುಂಟವೇ. ದಾದರ್, ಅಂಧೇರಿ, ಬೋರಿವಲಿ, ಠಾಣೆ, ಕಲ್ಯಾಣ ಮೊದಲಾದೆಡೆ ನಿಲ್ದಾಣದಿಂದ ಹೊರಬಂದೊಡನೆ ಕಾಣುವುದು ಪೇಟೆ. ಡಬ್ಬಾವಾಲಾಗಳು ನೂರು ವರ್ಷಗಳಿಗೂ ಮೀರಿದ ಕಾಲದಿಂದ ಊಟದ ಡಬ್ಬಿಗಳನ್ನು ಈ ರೈಲಿನಲ್ಲಿಯೇ ಸಾಗಿಸುತ್ತಾ ಬಂದಿದ್ದಾರೆ. ಸಣ್ಣ ವ್ಯಾಪಾರಿಗಳು ತರಕಾರಿ, ಮೀನು, ಹೂವಿನ ಹೊರೆಗಳನ್ನು ತರಲು ಲಗೇಜು ಡಬ್ಬಿಯನ್ನು ಬಳಸುತ್ತಾರೆ. ಕರ್ನಾಟಕದ ಕರಾವಳಿಯಿಂದ ಹೋದವರ ಹೋಟೆಲು ಉದ್ಯಮವೂ ಈ ಜನಸಂದಣಿಯನ್ನು ನೆಚ್ಚಿ ಬೆಳೆಯಿತು. ಮಾಟುಂಗಾ ನಿಲ್ದಾಣದ ಬಳಿಯ ಹಳೆಯ ಉಡುಪಿ ಊಟದ ಮನೆಗಳು ಇಂದಿಗೂ ಹೆಸರುವಾಸಿ.

ಆದರೆ ಹಳಿಗಳು ಬೆಳೆದ ವೇಗಕ್ಕಿಂತ ಜನಸಂಖ್ಯೆ ಬೆಳೆದ ವೇಗ ಹೆಚ್ಚಾಗಿತ್ತು. ಇದನ್ನು ಸರಿಪಡಿಸಲು 1999ರಲ್ಲಿ ಕೇಂದ್ರ ರೈಲ್ವೆ ಸಚಿವಾಲಯವೂ ಮಹಾರಾಷ್ಟ್ರ ಸರ್ಕಾರವೂ 51:49ರ ಪ್ರಮಾಣದಲ್ಲಿ ಷೇರು ಬಂಡವಾಳ ಹೂಡಿ ಮುಂಬಯಿ ರೈಲ್ವೆ ವಿಕಾಸ ನಿಗಮವನ್ನು ಸ್ಥಾಪಿಸಿದವು. ವಿಶ್ವ ಬ್ಯಾಂಕಿನ ಸಾಲ ಪಡೆದು ಹೊಸ ಹಳಿ, ಹೊಸ ಬೋಗಿಗಳನ್ನು ಒದಗಿಸಲಾಯಿತು. ಈ ವೆಚ್ಚಕ್ಕಾಗಿ ಟಿಕೆಟಿನ ಮೇಲೆ ಅಧಿಭಾರವನ್ನೂ ವಿಧಿಸಲಾಯಿತು. ಠಾಣೆ-ದಿವಾ ನಡುವಿನ 5 ಮತ್ತು 6ನೇ ಹಳಿಗಳು 2022ರ ಫೆಬ್ರುವರಿಯಲ್ಲಿ ಸಂಚಾರಕ್ಕೆ ತೆರೆದವು. ದೂರದ ರೈಲುಗಳನ್ನು ಲೋಕಲ್ ರೈಲುಗಳಿಂದ ಬೇರ್ಪಡಿಸುವುದೇ ಅದರ ಉದ್ದೇಶ. ಇಷ್ಟು ಹಳೆಯ ಮಾರ್ಗದಲ್ಲಿಯೂ ಈ ಕೆಲಸ ಇಷ್ಟು ತಡವಾಗಿ ಮುಗಿಯಿತೆಂಬುದು ಗಮನಾರ್ಹ.

3. ಟಿಕೆಟ್ ಹಣ ಏಕೆ ಸಾಲದು?

ಇಷ್ಟು ಜನ ತುಂಬಿ ಹೋಗುವ ರೈಲು ಲಾಭದಲ್ಲಿರಬೇಕೆಂದು ಯಾರಿಗಾದರೂ ಅನ್ನಿಸುವುದು ಸಹಜ. ಹಾಗಾಗದಿರಲು ಎರಡು ಮುಖ್ಯ ಕಾರಣಗಳಿವೆ.

ಮೊದಲನೆಯದು ಬೇಡಿಕೆಯ ಸ್ವರೂಪ. ಕಲ್ಯಾಣ ಮಂಟಪವನ್ನು ಮುಹೂರ್ತದ ದಿನಗಳ ಜನಸಂಖ್ಯೆಗೆ ತಕ್ಕಂತೆ ಕಟ್ಟಬೇಕು. ಉಳಿದ ದಿನಗಳಲ್ಲಿ ಅದು ಖಾಲಿಯಿದ್ದರೂ ಬಡ್ಡಿ, ಸವಕಳಿ, ಕಾವಲುಗಾರನ ಸಂಬಳ ನಿಲ್ಲುವುದಿಲ್ಲ. ಉಪನಗರ ರೈಲೂ ಹಾಗೆಯೇ. ಬೆಳಗಿನ ಮೂರು ಗಂಟೆ, ಸಂಜೆಯ ಮೂರು ಗಂಟೆಯ ದಟ್ಟಣೆಗೆ ಬೇಕಾದಷ್ಟು ಬೋಗಿ, ಸಿಬ್ಬಂದಿ ಮತ್ತು ವಿದ್ಯುತ್ ಸಾಮರ್ಥ್ಯವನ್ನು ಇಟ್ಟುಕೊಳ್ಳಲೇಬೇಕು. ನಡುಹಗಲಿನಲ್ಲಿ ಅವು ಅರ್ಧ ಖಾಲಿ. ದಟ್ಟಣೆಯ ಹೊತ್ತಿನಲ್ಲಿಯೂ ಒಂದು ದಿಕ್ಕಿಗೆ ಕಾಲಿಡಲು ಜಾಗವಿಲ್ಲ, ಎದುರು ದಿಕ್ಕಿಗೆ ಆಸನಗಳು ಖಾಲಿ.

ಎರಡನೆಯದು ಸೀಸನ್ ಟಿಕೆಟ್. ತಿಂಗಳಿಗೆ 25 ದಿನ ಹೋಗಿಬರುವ ಕೆಲಸಗಾರನು 50 ಪ್ರಯಾಣ ಮಾಡುತ್ತಾನೆ. ಉಪನಗರ ವಿಭಾಗದ ಎರಡನೇ ದರ್ಜೆಯ ಮಾಸಿಕ ಪಾಸಿನ ಬೆಲೆಯು ಸುಮಾರು 15 ಬಿಡಿ ಪ್ರಯಾಣಗಳ ದರಕ್ಕೆ ಸಮನಾಗಿತ್ತು. ಅಂದರೆ ಬಿಡಿ ಟಿಕೆಟಿನ ಶೇ. 30ರಷ್ಟು ಮಾತ್ರ ವಸೂಲಿ. 2014ರ ಜೂನ್‌ನಲ್ಲಿ ಇದನ್ನು 30 ಪ್ರಯಾಣಗಳ ದರಕ್ಕೆ ಏರಿಸುವ ನಿರ್ಧಾರ ಪ್ರಕಟವಾಯಿತು. ಆದರೆ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಮುಂಬಯಿ ಲೋಕಲ್‌ನ ಎರಡನೇ ದರ್ಜೆಯ ಕನಿಷ್ಠ ದರವು 2025ರಲ್ಲಿಯೂ 5 ರೂಪಾಯಿಯೇ ಇತ್ತು. ದರ ಏರಿಸುವುದು ಜನಜೀವನವನ್ನೇ ತಟ್ಟುವ ವಿಷಯವಾದ್ದರಿಂದ ಯಾವ ಸರ್ಕಾರವೂ ಅದಕ್ಕೆ ಸುಲಭವಾಗಿ ಕೈಹಾಕುವುದಿಲ್ಲ.

ಸುಮಾರು 2016ರಿಂದ ರೈಲ್ವೆಯು ತನ್ನ ಟಿಕೆಟುಗಳ ಮೇಲೆ, ಪ್ರಯಾಣ ವೆಚ್ಚದ ಸರಾಸರಿ ಶೇ. 57 ಮಾತ್ರ ದರದ ಮೂಲಕ ವಸೂಲಾಗುತ್ತದೆಯೆಂದು ಮುದ್ರಿಸತೊಡಗಿತು. ಅದು ಎಲ್ಲ ಬಗೆಯ ಪ್ರಯಾಣಿಕರ ಸರಾಸರಿ. ಉಪನಗರ ಸೇವೆಯ ದರ ಆ ಸರಾಸರಿಗಿಂತಲೂ ಕೆಳಗಿದೆ.

4. ಉಳಿದುದನ್ನು ತೆರುವವರು ಯಾರು?

ಪ್ರಯಾಣಿಕ ಸೇವೆಯ ನಷ್ಟವನ್ನು ಭಾರತೀಯ ರೈಲ್ವೆಯು ಬಹುಮಟ್ಟಿಗೆ ಸರಕು ಸಾಗಣೆಯ ಲಾಭದಿಂದ ತುಂಬಿಕೊಳ್ಳುತ್ತದೆ. ಮಹಾಲೇಖಪಾಲರ ವರದಿಗಳು ಈ ಅಡ್ಡ ಸಹಾಯಧನವನ್ನು ಮತ್ತೆ ಮತ್ತೆ ಎತ್ತಿ ತೋರಿಸಿವೆ. ಸಿಮೆಂಟು, ಉಕ್ಕು, ಕಲ್ಲಿದ್ದಲು, ರಸಗೊಬ್ಬರ, ಆಹಾರ ಧಾನ್ಯಗಳ ಸಾಗಣೆ ದರದಲ್ಲಿ ಪ್ರಯಾಣಿಕನ ಪಾಸಿನ ಒಂದು ಪಾಲೂ ಅಡಗಿದೆ. ಉಕ್ಕಿನ ಸಗಟು ವ್ಯಾಪಾರಿಯ ಖರೀದಿ ಬೆಲೆಯಲ್ಲಿ, ಸಣ್ಣ ಎರಕದ ಕಾರ್ಖಾನೆಯ ಕಚ್ಚಾ ಸಾಮಗ್ರಿಯ ವೆಚ್ಚದಲ್ಲಿ ಅದು ಸದ್ದಿಲ್ಲದೆ ಸೇರಿಕೊಳ್ಳುತ್ತದೆ.

ಎರಡನೆಯ ಮೂಲ ಸರ್ಕಾರದ ಬೊಕ್ಕಸ. ರೈಲ್ವೆ ಆಯವ್ಯಯವನ್ನು 2017-18ರಿಂದ ಕೇಂದ್ರದ ಸಾಮಾನ್ಯ ಆಯವ್ಯಯದಲ್ಲಿ ವಿಲೀನಗೊಳಿಸಲಾಗಿದೆ. ಹೊಸ ಹಳಿ, ಹೊಸ ಬೋಗಿಗೆ ಕೊಡುವ ಬಂಡವಾಳದ ದೊಡ್ಡ ಭಾಗ ತೆರಿಗೆದಾರನ ಹಣ. ಮೂರನೆಯದು ಸಾಲ. ಇದು ಇಂದಿನ ವೆಚ್ಚವನ್ನು ನಾಳಿನ ಪ್ರಯಾಣಿಕ ಮತ್ತು ತೆರಿಗೆದಾರನ ಮೇಲೆ ಹೊರಿಸುವ ವಿಧಾನ.

ಈ ವ್ಯವಸ್ಥೆ ತಪ್ಪೆಂದು ಇದರ ಅರ್ಥವಲ್ಲ. ರಸ್ತೆಯ ವಾಹನ ದಟ್ಟಣೆ ಇಳಿದರೆ ಸರಕಿನ ಲಾರಿಯೂ ಬೇಗ ತಲಪುತ್ತದೆ. ರೈಲು ಹತ್ತದವನಿಗೂ ಲಾಭವುಂಟಾಗುವುದರಿಂದ ಅವನೂ ಒಂದು ಪಾಲು ಕೊಡುವುದು ನ್ಯಾಯವೇ. ಆದರೆ ಹಣ ತೆರುವವನು ಸೇವೆಯ ಗುಣಮಟ್ಟವನ್ನು ಕೇಳುವ ಹಕ್ಕನ್ನೂ ಹೊಂದಿರುತ್ತಾನೆ.

5. ಬೆಂಗಳೂರು ಉಪನಗರ ರೈಲು ಯೋಜನೆ

ಬೆಂಗಳೂರಿಗೆ ಉಪನಗರ ರೈಲು ಬೇಕೆಂಬ ಮಾತು 1980ರ ದಶಕದಿಂದ ಕೇಳಿಬರುತ್ತಿತ್ತು. ಕೇಂದ್ರ ಸಚಿವ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿ ಯೋಜನೆಗೆ ಒಪ್ಪಿಗೆ ಕೊಟ್ಟದ್ದು 2020ರ ಅಕ್ಟೋಬರ್‌ನಲ್ಲಿ. ಒಪ್ಪಿಗೆಯ ಪ್ರಕಾರ ಒಟ್ಟು ಉದ್ದ 148.17 ಕಿ.ಮೀ., ಅಂದಾಜು ವೆಚ್ಚ 15,767 ಕೋಟಿ ರೂಪಾಯಿ, ಅವಧಿ ಆರು ವರ್ಷ. ಹೂವಿನ ಹೆಸರು ಹೊತ್ತ ನಾಲ್ಕು ಕಾರಿಡಾರುಗಳು ಹೀಗಿವೆ:

ಸಂಪಿಗೆ: ಕೆಎಸ್ಆರ್ ಬೆಂಗಳೂರು – ದೇವನಹಳ್ಳಿ, ಸುಮಾರು 41 ಕಿ.ಮೀ.
ಮಲ್ಲಿಗೆ: ಬೈಯ್ಯಪ್ಪನಹಳ್ಳಿ – ಚಿಕ್ಕಬಾಣಾವರ, ಸುಮಾರು 25 ಕಿ.ಮೀ.
ಪಾರಿಜಾತ: ಕೆಂಗೇರಿ – ವೈಟ್‌ಫೀಲ್ಡ್, ಸುಮಾರು 35 ಕಿ.ಮೀ.
ಕನಕ: ಹೀಲಲಿಗೆ – ರಾಜಾನುಕುಂಟೆ, ಸುಮಾರು 46 ಕಿ.ಮೀ.

ಯೋಜನೆಯ ಹೊಣೆ ಹೊತ್ತಿರುವುದು ಕೆ-ರೈಡ್ ಸಂಸ್ಥೆ. ಇದು ಕರ್ನಾಟಕ ಸರ್ಕಾರ ಮತ್ತು ರೈಲ್ವೆ ಸಚಿವಾಲಯದ ಜಂಟಿ ಕಂಪನಿ. ಬಂಡವಾಳದ ರಚನೆಯಲ್ಲಿ ಕೇಂದ್ರದ ಪಾಲು ಶೇ. 20, ರಾಜ್ಯದ ಪಾಲು ಶೇ. 20, ಸಾಲ ಶೇ. 60. ಸಾಲದ ಒಂದು ಭಾಗವಾಗಿ ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕಿನೊಡನೆ 2023ರ ಡಿಸೆಂಬರ್‌ನಲ್ಲಿ 50 ಕೋಟಿ ಯೂರೋ ಸಾಲದ ಒಪ್ಪಂದವಾಯಿತು.

2022ರ ಜೂನ್ 20ರಂದು ಪ್ರಧಾನಿಯವರು ಶಂಕುಸ್ಥಾಪನೆ ಮಾಡಿದಾಗ 40 ತಿಂಗಳ ಮಾತು ಕೇಳಿಬಂದಿತ್ತು. ಆ ಅವಧಿ 2025ರ ಅಕ್ಟೋಬರ್‌ಗೆ ಮುಗಿದಾಗ ನಾಲ್ಕರಲ್ಲಿ ಯಾವ ಕಾರಿಡಾರಿನಲ್ಲಿಯೂ ರೈಲು ಓಡಿರಲಿಲ್ಲ. ಜಮೀನು ಹಸ್ತಾಂತರದಲ್ಲಿ ವಿಳಂಬ, ಗುತ್ತಿಗೆದಾರರೊಡನೆ ವಿವಾದ, ಕೆಲವು ಗುತ್ತಿಗೆಗಳ ರದ್ದತಿ ಇವೆಲ್ಲ ಸೇರಿ ಕೆಲಸ ಹಿಂದೆ ಬಿದ್ದಿತು. ವ್ಯಾಪಾರದ ಯೋಜನೆ ಹಾಕುವವರು ಈ ಸಂಗತಿಯನ್ನು ಮರೆಯಬಾರದು.

6. ಒಂದು ಪ್ರಯಾಣದ ಮೇಲೆ ಸಾಲದ ಭಾರ

ಸಾಲದ ಭಾರವನ್ನು ತಿಳಿಯಲು ಒಂದು ಉದಾಹರಣೆಯ ಲೆಕ್ಕವನ್ನು ನೋಡಬಹುದು. ಇದರಲ್ಲಿನ ಬಡ್ಡಿ ದರ, ಅವಧಿ ಮತ್ತು ಪ್ರಯಾಣಿಕರ ಸಂಖ್ಯೆ ಕೇವಲ ವಿವರಣೆಗಾಗಿ ಇಟ್ಟುಕೊಂಡವು.

15,767 ಕೋಟಿಯ ಶೇ. 60 ಎಂದರೆ ಸುಮಾರು 9,460 ಕೋಟಿ ರೂ. ಬಡ್ಡಿ ಶೇ. 4 ಎಂದಿಟ್ಟುಕೊಂಡರೆ ಮೊದಲ ವರ್ಷದ ಬಡ್ಡಿ ಸುಮಾರು 378 ಕೋಟಿ. ಅಸಲನ್ನು 20 ವರ್ಷಗಳಲ್ಲಿ ಸಮ ಕಂತುಗಳಲ್ಲಿ ತೀರಿಸುವುದಾದರೆ ವರ್ಷಕ್ಕೆ 473 ಕೋಟಿ. ಎರಡೂ ಸೇರಿ 851 ಕೋಟಿ, ಅಂದರೆ ದಿನಕ್ಕೆ ಸುಮಾರು 2.33 ಕೋಟಿ ರೂ. ದಿನಕ್ಕೆ 10 ಲಕ್ಷ ಪ್ರಯಾಣಗಳಾದರೆ ಪ್ರತಿ ಪ್ರಯಾಣದ ಮೇಲೆ ಬೀಳುವ ಭಾರ 23 ರೂ. 5 ಲಕ್ಷವೇ ಆದರೆ ಸುಮಾರು 47 ರೂ. ವಿದ್ಯುತ್, ಸಂಬಳ, ದುರಸ್ತಿ, ಸವಕಳಿ ಇನ್ನೂ ಇದರಲ್ಲಿ ಸೇರಿಲ್ಲ.

ಈ ಲೆಕ್ಕದಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಪ್ರಯಾಣಿಕರ ಸಂಖ್ಯೆ ಇಮ್ಮಡಿಯಾದರೆ ತಲಾ ಭಾರ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ನಿಲ್ದಾಣಕ್ಕೆ ಸುಲಭವಾಗಿ ತಲಪುವ ದಾರಿ, ಬಸ್ ಸಂಪರ್ಕ ಮೊದಲಾದವು ಹಣಕಾಸಿನ ದೃಷ್ಟಿಯಿಂದಲೂ ಅತ್ಯಗತ್ಯ. ಎರಡು, ಸಾಲ ವಿದೇಶಿ ಹಣದಲ್ಲಿದ್ದರೆ ವಿನಿಮಯ ದರದ ಅಪಾಯವೂ ಜೊತೆಗಿರುತ್ತದೆ. 50 ಕೋಟಿ ಯೂರೋ ಸಾಲ ಪೂರ್ತಿ ಬಾಕಿಯಿರುವಾಗ ಯೂರೋ ಬೆಲೆ ಒಂದು ರೂಪಾಯಿ ಏರಿದರೆ ಅಸಲು 50 ಕೋಟಿ ರೂಪಾಯಿ ಹೆಚ್ಚುತ್ತದೆ. ಆಮದು ವ್ಯಾಪಾರ ಮಾಡುವ ಸದಸ್ಯರಿಗೆ ಈ ಅನುಭವ ಹೊಸದಲ್ಲ.

ಭಾರವನ್ನು ಪ್ರಯಾಣಿಕನ ಮೇಲೆ ಹೆಚ್ಚಾಗಿ ಹಾಕಿದರೆ ಏನಾಗುತ್ತದೆಂಬುದನ್ನು ನಮ್ಮ ಮೆಟ್ರೊ ತೋರಿಸಿದೆ. 2025ರ ಫೆಬ್ರುವರಿ 9ರಿಂದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಅದರ ಬೆನ್ನಿಗೇ ಪ್ರಯಾಣಿಕರ ಸಂಖ್ಯೆ ಇಳಿಯಿತು. ಕಡಿಮೆ ಸಂಬಳದ ಕಾರ್ಮಿಕನ ವಿಷಯದಲ್ಲಿ ಹತ್ತು ರೂಪಾಯಿಯ ವ್ಯತ್ಯಾಸವೂ ದೊಡ್ಡದೇ.

7. ಲಾಭ ಯಾರ ಕೈಸೇರುತ್ತದೆ?

ಟಿಕೆಟಿನಲ್ಲಿ ಕಾಣದ ಲಾಭ ಎಲ್ಲಿ ಸೇರುತ್ತದೆಂಬುದನ್ನು ಬಹಳ ಹಿಂದೆಯೇ ಕಂಡುಕೊಂಡವರು ಜಪಾನಿನ ಖಾಸಗಿ ರೈಲು ಕಂಪನಿಗಳು. ಒಸಾಕಾ ನಗರದಲ್ಲಿ ಕೊಬಯಾಶಿ ಇಚಿಜೊ ಅವರ ಕಂಪನಿ 1910ರಲ್ಲಿ ಉಮೆದಾದಿಂದ ತಕರಾಝುಕಾ ಕಡೆಗೆ ವಿದ್ಯುತ್ ರೈಲು ಓಡಿಸಿತು. ಆಗ ಆ ದಾರಿಯಲ್ಲಿ ಜನವಸತಿ ವಿರಳ. ಕಂಪನಿಯು ಹಳಿಯ ಬದಿಯ ಜಮೀನನ್ನು ಮೊದಲೇ ಕೊಂಡು, ಮನೆ ಕಟ್ಟಿ, ಕಂತಿನ ಮೇಲೆ ಮಾರಿತು. ದಾರಿಯ ಕೊನೆಯಲ್ಲಿ ಮನರಂಜನೆಯ ತಾಣ, 1929ರಲ್ಲಿ ಉಮೆದಾ ನಿಲ್ದಾಣದಲ್ಲಿಯೇ ದೊಡ್ಡ ಮಳಿಗೆ. ಹೀಗೆ ರೈಲು ತಂದ ಲಾಭವೆಲ್ಲ ರೈಲು ಕಂಪನಿಯ ಅಢಾವೆ ಪತ್ರಿಕೆಯಲ್ಲಿಯೇ ಉಳಿಯಿತು. ಅದೇ ಇಂದಿನ ಹಾಂಕ್ಯೂ ಸಮೂಹ.

ನಮ್ಮಲ್ಲಿ ವಿನ್ಯಾಸ ಬೇರೆ. ಹಳಿ ಹಾಕುವುದು ಸರ್ಕಾರಿ ಸಂಸ್ಥೆ, ಜಾಗದ ಬೆಲೆ ಏರಿಕೆಯ ಲಾಭ ಅಕ್ಕಪಕ್ಕದ ಜಮೀನುದಾರನಿಗೆ. ಈಗಾಗಲೇ ಜಾಗವುಳ್ಳ ವರ್ತಕನು ಗೆದ್ದ. ಬಾಡಿಗೆಯ ಅಂಗಡಿ ಅಥವಾ ಷೆಡ್ಡಿನಲ್ಲಿರುವವನಿಗೆ ಅದೇ ಏರಿಕೆ ಬಾಡಿಗೆಯ ಹೆಚ್ಚಳವಾಗಿ ಬರುತ್ತದೆ. ನಿಲ್ದಾಣ ಬರುವ ಮುನ್ನ ದೀರ್ಘಾವಧಿಯ ನೋಂದಾಯಿತ ಗುತ್ತಿಗೆ ಕರಾರು ಮಾಡಿಕೊಂಡು, ಬಾಡಿಗೆ ಏರಿಕೆಯ ಪ್ರಮಾಣವನ್ನು ಅದರಲ್ಲಿಯೇ ನಮೂದಿಸಿಕೊಳ್ಳುವುದು ಇಂತಹವರಿಗೆ ಇರುವ ಮುಖ್ಯ ರಕ್ಷಣೆ.

8. ಕಾರ್ಮಿಕರ ಲಭ್ಯತೆ: ಒಂದು ಲೆಕ್ಕ

ಸಣ್ಣ ಕೈಗಾರಿಕೆಗೆ ಉಪನಗರ ರೈಲಿನಿಂದ ಆಗುವ ಅತಿ ದೊಡ್ಡ ಉಪಕಾರವೆಂದರೆ ಕೆಲಸಗಾರರು ದೊರೆಯುವ ಪ್ರದೇಶದ ವಿಸ್ತರಣೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಬಳಿಕ ಕೆಜಿಎಫ್‌ನ ಸಾವಿರಾರು ಜನರಿಗೆ ಬದುಕು ಕೊಟ್ಟದ್ದು ಮಾರಿಕುಪ್ಪಂ ಮತ್ತು ಬಂಗಾರಪೇಟೆಯಿಂದ ಬೆಂಗಳೂರಿಗೆ ಬರುವ ರೈಲುಗಳು. ಒಂದು ದಿಕ್ಕಿಗೇ 80 ಕಿ.ಮೀ.ಗೂ ಹೆಚ್ಚಿನ ದೂರವನ್ನು ನಿತ್ಯ ಕ್ರಮಿಸಿ ಅವರು ದುಡಿಯುತ್ತಾರೆ. ಅಗ್ಗದ ಪಾಸು ಇಲ್ಲದಿದ್ದರೆ ಇದು ಸಾಧ್ಯವಿರಲಿಲ್ಲ. ರೈಲು ತಡವಾದ ದಿನ ಅವರ ಅರ್ಧ ದಿನದ ಕೂಲಿಗೂ ಸಂಚಕಾರ, ಅವರನ್ನು ನೆಚ್ಚಿದ ಘಟಕದ ಉತ್ಪಾದನೆಗೂ ಹೊಡೆತ.

ಉದಾಹರಣೆಗೆ, 35 ಜನ ಕೆಲಸಗಾರರಿರುವ ಒಂದು ಘಟಕವು ಅವರನ್ನು ಕರೆತರಲು ತಿಂಗಳಿಗೆ 70,000 ರೂ. ಬಾಡಿಗೆಯ ಬಸ್ಸು ಇಟ್ಟುಕೊಂಡಿದೆ ಎಂದು ಭಾವಿಸಬಹುದು. ತಲಾ ವೆಚ್ಚ 2,000 ರೂ. ಸಂಚಾರ ದಟ್ಟಣೆಯಿಂದ ತಿಂಗಳಲ್ಲಿ 8 ದಿನ 20 ನಿಮಿಷ ತಡವಾದರೆ ನಷ್ಟವಾಗುವ ಸಮಯ 93 ಗಂಟೆಗಳಿಗೂ ಹೆಚ್ಚು. ಗಂಟೆಗೆ 90 ರೂ. ಕೂಲಿಯೆಂದರೂ 8,400 ರೂ. ಯಂತ್ರ ಸುಮ್ಮನಿದ್ದ ನಷ್ಟ ಬೇರೆ.

ರೈಲು ಬಂದ ಮೇಲೆ ಮಾಲೀಕನೇ ತಲಾ 500 ರೂ. ಪಾಸಿನ ಹಣ ಕೊಡುತ್ತಾನೆ ಎಂದಿಟ್ಟುಕೊಂಡರೆ ಆಗುವ ಖರ್ಚು 17,500 ರೂ. ನಿಲ್ದಾಣದಿಂದ ಕಾರ್ಖಾನೆಗೆ 3 ಕಿ.ಮೀ. ದೂರವಿದ್ದು, ವಾಹನಕ್ಕೆ ತಿಂಗಳಿಗೆ 60,000 ರೂ. ಬಾಡಿಗೆಯಾದರೆ ಫಲಿತಾಂಶ ಎರಡು ಬಗೆ:

ಅ) ನಾಲ್ಕು ಘಟಕಗಳು ಕೂಡಿ ವಾಹನ ಇಟ್ಟರೆ ತಲಾ ಪಾಲು 15,000 ರೂ. ಒಟ್ಟು 32,500 ರೂ. ತಿಂಗಳಿಗೆ 37,500 ರೂ., ವರ್ಷಕ್ಕೆ 4.50 ಲಕ್ಷ ರೂ. ಉಳಿತಾಯ.

ಆ) ಒಂದೇ ಘಟಕ ವಾಹನ ಇಟ್ಟರೆ ಒಟ್ಟು 77,500 ರೂ. ಹಳೆಯ ವ್ಯವಸ್ಥೆಗಿಂತ 7,500 ರೂ. ಹೆಚ್ಚು.

ರೈಲು ಅದೇ, ಪಾಸು ಅದೇ. ಲಾಭವೋ ನಷ್ಟವೋ ಎಂಬುದನ್ನು ತೀರ್ಮಾನಿಸಿದ್ದು ಕೊನೆಯ 3 ಕಿ.ಮೀ. ಆದಕಾರಣ ಕೈಗಾರಿಕಾ ಪ್ರದೇಶಗಳ ಸಂಘಗಳು ನಿಲ್ದಾಣದ ಬಾಗಿಲು ಯಾವ ಕಡೆಗಿದೆ, ಬಸ್ಸು ನಿಲ್ಲಲು ಜಾಗವಿದೆಯೇ, ಕಾಲುದಾರಿಗೆ ದೀಪವಿದೆಯೇ ಎಂಬುದನ್ನು ನಕ್ಷೆಯ ಹಂತದಲ್ಲಿಯೇ ಕೇಳಬೇಕು. ಕಟ್ಟಿದ ಮೇಲೆ ಬಾಗಿಲು ಬದಲಿಸುವುದು ದುಬಾರಿ. ಇದರಷ್ಟೇ ಮುಖ್ಯವಾದುದು ವೇಳಾಪಟ್ಟಿ. ಬೆಳಿಗ್ಗೆ 6ರ ಪಾಳಿಗೆ ಬರುವವನಿಗೆ 5ರ ರೈಲು ಬೇಕು, ರಾತ್ರಿ 10ರ ಪಾಳಿ ಬಿಟ್ಟವನಿಗೆ 10.30ರ ರೈಲು ಬೇಕು. ಕಚೇರಿ ವೇಳೆಯನ್ನಷ್ಟೇ ನೋಡಿ ಮಾಡಿದ ವೇಳಾಪಟ್ಟಿಯಿಂದ ಕಾರ್ಖಾನೆಗಳಿಗೆ ಪ್ರಯೋಜನವಾಗದು.

9. ನಿಲ್ದಾಣದ ಬಳಿ ಜಾಗ ಕೊಳ್ಳುವ ಮುನ್ನ

ನಿಲ್ದಾಣ ಬರಲಿದೆ ಎಂಬ ಸುದ್ದಿಯ ಮೇಲೆಯೇ ಜಾಗದ ಬೆಲೆ ಏರುತ್ತದೆ. ಒಂದು ಕೋಟಿ ರೂಪಾಯಿಯ ಷೆಡ್ಡನ್ನು ಈ ಕಾರಣಕ್ಕಾಗಿ 1.30 ಕೋಟಿಗೆ ಕೊಂಡರೆ, ರೈಲಿನ ಹೆಸರಿನಲ್ಲಿ ಹೆಚ್ಚಾಗಿ ಕೊಟ್ಟದ್ದು 30 ಲಕ್ಷ. ಬ್ಯಾಂಕಿನ ಸಾಲಕ್ಕೆ ಶೇ. 10ರ ಚಕ್ರಬಡ್ಡಿ ಹಿಡಿದರೆ ಐದು ವರ್ಷಗಳ ನಂತರ ಆ 30 ಲಕ್ಷ 48.3 ಲಕ್ಷವಾಗುತ್ತದೆ. ರೈಲು ಇನ್ನೂ ಮೂರು ವರ್ಷ ತಡವಾದರೆ 64.3 ಲಕ್ಷ. ಮೇಲೆ ಹೇಳಿದ ಘಟಕದ ವಾರ್ಷಿಕ ಉಳಿತಾಯ 4.50 ಲಕ್ಷ. ಮುಂದೆ ಬಡ್ಡಿಯೇ ಇಲ್ಲವೆಂದು ಭಾವಿಸಿದರೂ 48.3 ಲಕ್ಷ ತೀರಲು ಹನ್ನೊಂದು ವರ್ಷಗಳ ಸಮೀಪ ಬೇಕು, 64.3 ಲಕ್ಷಕ್ಕೆ ಹದಿನಾಲ್ಕು ವರ್ಷ ದಾಟುತ್ತದೆ. ದುಡಿಯುವ ಬಂಡವಾಳವನ್ನು ಹೀಗೆ ಜಾಗದಲ್ಲಿ ಹೂತಿಟ್ಟು, ಕಚ್ಚಾ ಸಾಮಗ್ರಿಗೆ ಓವರ್‌ಡ್ರಾಫ್ಟ್ ಎತ್ತುವುದು ಸಣ್ಣ ಘಟಕಗಳು ಕಾಯಿಲೆ ಬೀಳುವ ಮಾರ್ಗ.

ಹಾಗೆಂದು ಕೊಳ್ಳಲೇಬಾರದೆಂದಲ್ಲ. ಜಾಗವು ಇಂದಿನ ವ್ಯಾಪಾರಕ್ಕೆ ಇಂದಿನ ಬೆಲೆಯಲ್ಲಿಯೇ ಹೊಂದುವುದಾದರೆ ಕೊಳ್ಳಬಹುದು, ರೈಲು ಬಂದಾಗ ಅದು ಹೆಚ್ಚುವರಿ ಲಾಭ. ರೈಲು ಬಂದರೆ ಮಾತ್ರ ಲೆಕ್ಕ ಸರಿಹೋಗುವುದಾದರೆ ಕಾಯುವುದೇ ಲೇಸು. ಕಾಯುವವನು ಗಮನಿಸಬೇಕಾದುದು ಪ್ರಕಟಣೆಗಳನ್ನಲ್ಲ; ಜಮೀನು ಹಸ್ತಾಂತರ, ಗುತ್ತಿಗೆಯ ಪ್ರಗತಿ, ಹಳಿ ಜೋಡಣೆ ಮತ್ತು ಬೋಗಿಗಳ ಖರೀದಿ ಆದೇಶ ಈ ನಾಲ್ಕನ್ನು. ಬೋಗಿ ಇಲ್ಲದೆ ಹಳಿ ಮಾತ್ರ ಸಿದ್ಧವಾದರೆ ಸೇವೆ ಆರಂಭವಾಗದು.

10. ಸ್ವಾಧೀನಕ್ಕೆ ಒಳಗಾದವರು

ಯೋಜನೆಗೆ ಖಾಸಗಿ ಜಾಗ ಬೇಕಾದೆಡೆ ಅಂಗಡಿ ಅಥವಾ ಷೆಡ್ಡು ಕಳೆದುಕೊಳ್ಳುವ ಸದಸ್ಯರು ಮೊದಲು ನೋಡಬೇಕಾದುದು ಯಾವ ಕಾಯಿದೆಯಡಿ ಸ್ವಾಧೀನ ನಡೆಯುತ್ತಿದೆ ಎಂಬುದನ್ನು. 2013ರ ಕೇಂದ್ರ ಭೂಸ್ವಾಧೀನ ಕಾಯಿದೆಯಡಿ ಮಾರುಕಟ್ಟೆ ಬೆಲೆಯ ಆಧಾರದ ಪರಿಹಾರದ ಮೇಲೆ ಶೇ. 100 ಸಾಂತ್ವನ ಧನವುಂಟು. ಆ ಕಾಯಿದೆಯ 96ನೇ ಕಲಮಿನ ಪ್ರಕಾರ ಪರಿಹಾರಕ್ಕೆ ಆದಾಯ ತೆರಿಗೆ ವಿನಾಯಿತಿಯೂ ಇದೆ. ಬೇರೆ ಕಾಯಿದೆಯಡಿ ಅಥವಾ ನೇರ ಖರೀದಿಯ ಮೂಲಕ ಜಾಗ ಹೋದರೆ ತೆರಿಗೆಯ ಪರಿಣಾಮ ಬೇರೆಯಾಗಬಹುದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನವೇ ಸಲಹೆ ಪಡೆಯುವುದು ಕ್ಷೇಮ, ಸಹಿಯಾದ ಮೇಲೆ ದಾರಿಗಳು ಕಡಿಮೆ.

ಅದೇ ಕಾಯಿದೆಯ ಪುನರ್ವಸತಿ ಅನುಸೂಚಿಯಲ್ಲಿ ಕುಶಲಕರ್ಮಿಗಳಿಗೆ, ಸಣ್ಣ ವ್ಯಾಪಾರಿಗಳಿಗೆ ಕನಿಷ್ಠ 25,000 ರೂ.ಗಳ ಒಂದಾವರ್ತಿ ನೆರವೂ ಹೇಳಲ್ಪಟ್ಟಿದೆ. ಸ್ವಂತ ಜಾಗವಿಲ್ಲದ ಬಾಡಿಗೆದಾರನೂ ಮೂರು ವರ್ಷಗಳಿಂದ ಅಲ್ಲಿಯೇ ಜೀವನೋಪಾಯ ನಡೆಸಿದ್ದರೆ ಬಾಧಿತನೆನಿಸಲು ಅವಕಾಶವಿದೆ. ಆದರೆ ಅದನ್ನು ಸಿದ್ಧಪಡಿಸಬೇಕಾದುದು ದಾಖಲೆಗಳಿಂದ: ಬಾಡಿಗೆ ಕರಾರು, ವ್ಯಾಪಾರ ಪರವಾನಗಿ, ಜಿಎಸ್‌ಟಿ ನೋಂದಣಿ, ವಿದ್ಯುತ್ ಬಿಲ್ಲು, ಬ್ಯಾಂಕ್ ಖಾತೆಯ ವಿವರ. ಬಾಯಿಮಾತಿನ ಬಾಡಿಗೆಯಲ್ಲಿ ಇಪ್ಪತ್ತು ವರ್ಷ ವ್ಯಾಪಾರ ಮಾಡಿದವನು ದಾಖಲೆಯಿಲ್ಲದೆ ಬರಿಗೈಯಲ್ಲಿ ಹೊರಡಬೇಕಾದೀತು.

11. ಸಾರಾಂಶ

(1) ಉಪನಗರ ರೈಲಿನ ವೆಚ್ಚ ಟಿಕೆಟಿನಿಂದ ಪೂರ್ತಿ ಹುಟ್ಟುವುದಿಲ್ಲ. ಉಳಿದುದನ್ನು ಸರಕು ದರ, ತೆರಿಗೆ ಮತ್ತು ಜಾಗದ ಬೆಲೆಯ ರೂಪದಲ್ಲಿ ವ್ಯಾಪಾರಿ ವರ್ಗವೂ ತೆರುತ್ತದೆ.

(2) ಪ್ರಯಾಣಿಕರ ಸಂಖ್ಯೆ ಹೆಚ್ಚಿದಷ್ಟೂ ತಲಾ ಭಾರ ಇಳಿಯುತ್ತದೆ. ಪ್ರತ್ಯೇಕ ಹಳಿ, ಸಮಯಪಾಲನೆ ಮತ್ತು ನಿಲ್ದಾಣದ ಸಂಪರ್ಕ ಇದಕ್ಕೆ ಆಧಾರ.

(3) ಘಟಕಗಳು ನಿಲ್ದಾಣದಿಂದ ಕಾರ್ಖಾನೆಗೆ ಕೂಡು ವಾಹನ ವ್ಯವಸ್ಥೆಯನ್ನು ಮೊದಲೇ ಯೋಜಿಸಬೇಕು.

(4) ಪಾಳಿಯ ಹೊತ್ತು, ಕೆಲಸಗಾರರ ಸಂಖ್ಯೆ ಮತ್ತು ಅವರು ಬರುವ ಊರುಗಳ ವಿವರವನ್ನು ಸಂಗ್ರಹಿಸಿ ವಾಣಿಜ್ಯ ಸಂಸ್ಥೆಯ ಮೂಲಕ ಕೆ-ರೈಡ್‌ಗೆ ಸಲ್ಲಿಸುವುದು ಉಪಯುಕ್ತ. ಅಂಕಿ-ಅಂಶವಿರುವ ಮನವಿಗೆ ಇರುವ ಬೆಲೆ ಬರಿಯ ಒತ್ತಾಯಕ್ಕೆ ಇರುವುದಿಲ್ಲ.

(5) ಬರಲಿರುವ ರೈಲಿಗಾಗಿ ಇಂದು ಸಾಲ ಮಾಡಿ ಜಾಗ ಕೊಳ್ಳುವ ಮುನ್ನ ವಿಳಂಬದ ಬಡ್ಡಿಯನ್ನು ಲೆಕ್ಕಕ್ಕೆ ಸೇರಿಸಬೇಕು.

(6) ಬಾಡಿಗೆದಾರರು ಕರಾರನ್ನೂ ದಾಖಲೆಗಳನ್ನೂ ಈಗಲೇ ಕ್ರಮಬದ್ಧಗೊಳಿಸಿಕೊಳ್ಳಬೇಕು.

ಹಳಿ ಹಾಕುವುದು ಸರ್ಕಾರದ ಕೆಲಸ. ಆ ಹಳಿಯ ಮೇಲೆ ತನ್ನ ಕಾರ್ಖಾನೆಯ ಪಾಳಿಗೂ ತನ್ನ ಅಂಗಡಿಯ ಗಿರಾಕಿಗೂ ಅನುಕೂಲವಾಗುವ ರೈಲು ಓಡಬೇಕಾದರೆ, ವೆಚ್ಚದಲ್ಲಿ ಪಾಲು ಕೊಡುತ್ತಿರುವ ವ್ಯಾಪಾರಿಯು ವೇಳಾಪಟ್ಟಿ ಮತ್ತು ನಿಲ್ದಾಣದ ನಕ್ಷೆ ಸಿದ್ಧವಾಗುವ ಹಂತದಲ್ಲಿಯೇ ತನ್ನ ಲೆಕ್ಕವನ್ನು ಮುಂದಿಡಬೇಕು.